ನಾಯಿಯ ಊಟಕ್ಕೆ ನಾಲ್ಕು ಎಳೆ

ನಮ್ಮ ಮನೆಯಲ್ಲಿ ಮಾಂಸ ಅನ್ನುವ ಮಾತನ್ನೇ ಆಡುತ್ತಿರಲಿಲ್ಲ. ಆಡಲೇಬೇಕಾಗಿ ಬಂದರೆ ಅವ್ವ ‘ಆ ಪದಾರ್ಥ’ ಅನ್ನೋಳು. ಅಂಥ ಮನೆಯ ಹಿತ್ತಲಲ್ಲಿ ದಿನಾ ಬೆಳಗ್ಗೆ ಹಸಿ ಮಾಂಸ ಹಾಕಿ ಒಂದು ನಾಯಿಯನ್ನು ಬೆಳೆಸಿದವನು ನಾನು. ಬಿ.ಎಸ್ಸಿ. ಪಾಸು ಮಾಡಿದ್ದನ್ನು ಹೇಳಿಕೊಳ್ಳುವಾಗ ನನಗೆ ಅಷ್ಟೇನೂ ಅನ್ನಿಸುವುದಿಲ್ಲ. ಇದನ್ನು ಹೇಳುವಾಗ ಈಗಲೂ ಬೆನ್ನು ನೆಟ್ಟಗಾಗುತ್ತದೆ.

ದೊಡ್ಡಬಳ್ಳಾಪುರದ ನೇಯ್ಗೆಯವರ ಬೀದಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಗಣಿತ, ಭೌತಶಾಸ್ತ್ರ ಓದಿ, ವಾಪಸ್ಸು ಊರಿಗೇ ಬಂದು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಮಹಾಯುದ್ಧ ಮುಗಿದ ಮಾರನೇ ವರ್ಷ. ನೂಲು ಸಿಗುವುದೇ ಕಷ್ಟವಾಗಿದ್ದ ಕಾಲ ಅದು. ಸಿಕ್ಕಿದ್ದನ್ನೂ ಹಿತ್ತಲ ಬಾಗಿಲಿಂದ ಕದ್ದೊಯ್ಯುವವರಿದ್ದರು. ನಮ್ಮ ಮನೆಯಲ್ಲೇ ಎರಡು ಸಲ ರೇಷ್ಮೆ ಲಡಿ ಹೋಗಿತ್ತು.

ನನ್ನ ಹಾಸ್ಟೆಲ್ ಗೆಳೆಯನೊಬ್ಬ ಯಲಹಂಕದ ಹತ್ತಿರದ ಮಿಲಿಟರಿ ಕ್ಯಾಂಪಿನಲ್ಲಿ ಗುಮಾಸ್ತ. ಕ್ಯಾಂಪು ಎತ್ತುತ್ತಿದ್ದರು, ಬಿಳಿ ಆಫೀಸರುಗಳು ಊರಿಗೆ ಹೊರಟಿದ್ದರು. ಅವರಲ್ಲೊಬ್ಬ ಬಿಟ್ಟುಹೋದ ಅಲ್ಸೇಶನ್ ನಾಯಿಯ ಮರಿಯೊಂದನ್ನು, ನೂಲು ಕಾಯಲಿ ಅಂತ, ಗೆಳೆಯ ನನಗೆ ಕೊಟ್ಟ. ಜೊತೆಗೆ ನಾಯಿ ಸಾಕುವ ಒಂದು ಇಂಗ್ಲಿಷ್ ಪುಸ್ತಕವನ್ನೂ ಕೊಟ್ಟ. ಮರಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು, ಪುಸ್ತಕ ಓದುತ್ತಾ ರೈಲಿನಲ್ಲಿ ಬಂದೆ. ಡಬ್ಬಿಯಲ್ಲಿದ್ದವರೆಲ್ಲ ಮರಿಯನ್ನು ನೋಡುತ್ತಿದ್ದರು. ಪುಸ್ತಕವನ್ನೂ ನೋಡಲಿ ಅಂತ ಸ್ವಲ್ಪ ಎತ್ತಿಯೇ ಹಿಡಿದಿದ್ದೆ.

ಪುಸ್ತಕದಲ್ಲಿ ಬರೆದಿತ್ತು: ಈ ಜಾತಿ ನಾಯಿಗೆ ಹಸಿ ಮಾಂಸವೇ ಒಳ್ಳೆಯ ಆಹಾರ. ಅವ್ವನಿಗೆ ಹೇಳಿದೆ.

“ನಾಯಿಗೆ ಮುದ್ದೆ ಹಾಕು. ಊರ್ ನಾಯೆಲ್ಲ ಬದುಕಿಲ್ವಾ?”

“ಅವ್ವ, ಇದು ಆ ಥರ ನಾಯಿ ಅಲ್ಲ. ಪುಸ್ತಕದಲ್ಲಿದೆ.”

ಪುಸ್ತಕದಲ್ಲಿದೆ ಅಂದರೆ ಅವ್ವ ಎದುರು ಮಾತಾಡೋಳಲ್ಲ. ಅಪ್ಪನ ಮುಖ ನೋಡಿದಳು. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದವನು ಲಾಳಿ ನಿಲ್ಲಿಸದೆಯೇ ಕಟ್ಟಳೆ ಹಾಕಿದ. ಆ ಪದಾರ್ಥ ಹಿಂದಿನ ಓಣಿಯಿಂದಲೇ ಬರಬೇಕು. ಅದರ ಬುಟ್ಟಿ ಹೊರಗೋಡೆಯ ಹೊಂಗೇಮರಕ್ಕೇ ನೇತುಹಾಕಬೇಕು. ನಾಯಿಗೆ ಹಾಕಿದ ಮೇಲೆ ನಾನು ಬಾವಿ ಹತ್ತಿರ ತಲೆಗೆ ನೀರು ಹುಯ್ದುಕೊಂಡೇ ಒಳಗೆ ಕಾಲಿಡಬೇಕು. “ನಾವು ನೇಯೋದು ಧಾರೆ ಸೀರೆ. ಅದನ್ನ ನೆನಪಲ್ಲಿಟ್ಕೊ.”

ಒಪ್ಪಿಕೊಂಡೆ. ಮಾಗಿಯ ಚಳಿಯಲ್ಲೂ ದಿನಾ ಎರಡು ಸ್ನಾನ.

ಎದುರುಮನೆಯ ದೊಡ್ಡಪ್ಪ, ಅಪ್ಪನ ದೊಡ್ಡಣ್ಣ, ಬೀದಿಗೆಲ್ಲ ಕೇಳುವ ಹಾಗೆ ಮಾತಾಡೋನು. ನಾನು ಬೀದಿಯಿಂದ ಓಣಿಗೆ ತಿರುಗುವುದನ್ನೇ ಕಾಯ್ದುಕೊಂಡು ಜಗುಲಿಯ ಮೇಲೆ ಕೂತಿರೋನು.

“ಏನಯ್ಯಾ ಬಿಯೆಸ್ಸಿ, ಸಾಬರ ಅಂಗಡೀಲಿ ಇವತ್ತು ಎಷ್ಟನೇ ಪಾಠ?”

“ನಾಯಿಗೆ ದೊಡ್ಡಪ್ಪ.”

“ಹೂಂ ಹೂಂ, ನಾಯಿಗೇ. ಮೊದಲು ನಾಯಿಗೆ ಅಂತಲೇ ಶುರುವಾಗೋದು.”

ಅಪ್ಪ ಒಳಗಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ.

ಮಾಂಸದಂಗಡಿಯ ಸಾಬರು ವಯಸ್ಸಾದವರು. ಮೊದಲ ದಿನ ನಾನು ಹೋಗಿ ನಿಂತಾಗ ಬೆರಳು ತೋರಿಸಿ ಹೇಳಿದ್ದೆ: “ಆ ಕೆಂಪಗೆ ಶುಭ್ರವಾಗಿರೋದು ಕೊಡಿ. ಮೂಳೆ ಬೇಡ, ಕೊಬ್ಬು ಬೇಡ. ಆ ಒಳಗಿನ ಸಾಮಾನೆಲ್ಲ ಬೇಡವೇ ಬೇಡ.”

ಅವರು ನಕ್ಕರು. “ಮೇಷ್ಟ್ರೇ, ಕುರಿ ಬರೀ ತೊಡೆ ಮೇಲೇ ನಡ್ಕೊಂಡ್ ಬರ್ತದಾ?”

ಮೂಳೆ ಸೇರಿಸಿ ತೂಗಿ ಈ ಮೇಷ್ಟ್ರಿಗೆ ಟೋಪಿ ಹಾಕೋಣ ಅಂತಿದ್ದಾರೆ ಎಂದುಕೊಂಡೆ. ನಮ್ಮ ಕಸುಬಿನಲ್ಲಿ ಹಾಗೇ ತಾನೆ? ಲಡಿ ಬಿಡಿಸಿ ಕೂತಾಗ ಗಂಟಿರುವ ಎಳೆ, ಮಾಸಲು ಎಳೆ ತೆಗೆದು ಆಚೆಗಿಟ್ಟು, ನುಣ್ಣಗೆ ಹೊಳೆಯುವುದನ್ನು ಆರಿಸಿಕೊಳ್ಳಬೇಕು. ಐದನೇ ವರ್ಷದಿಂದ ಕೈಗೆ ಬಂದ ಬುದ್ಧಿ ಅದು. ಮಾಂಸವನ್ನೂ ಹಾಗೇ ಆರಿಸಿದೆ. ಪ್ರತಿ ದಿನ ಅಂಗಡಿಯಲ್ಲಿನ ಚೆಂದದ ತುಂಡು ನಮ್ಮ ನಾಯಿಗೇ.

ಮರಿ ಎರಡು ತಿಂಗಳು ದುಂಡುದುಂಡಗೆ ಬೆಳೆಯಿತು. ಆಮೇಲೆ ಓಡುವುದು ಕಡಿಮೆಯಾಯಿತು. ಮುಂಗಾಲುಗಳು ಮಣಿಕಟ್ಟಿನ ಹತ್ತಿರ ಹೊರಕ್ಕೆ ಬಾಗತೊಡಗಿದವು. ಮೆಟ್ಟಿಲು ಹತ್ತುವಾಗ ಕುಯ್ಗುಡುತ್ತಿತ್ತು. ನಾನು ಮಾಂಸ ಇನ್ನಷ್ಟು ಹೆಚ್ಚಿಸಿದೆ.

ಒಂದು ಬೆಳಗ್ಗೆ ಅದು ತಪ್ಪಿಸಿಕೊಂಡು ಮಗ್ಗದ ಕೋಣೆಗೆ ನುಗ್ಗಿ ಅಪ್ಪನ ಕಾಲಿರುವ ಗುಂಡಿಗೇ ಉರುಳಿಬಿತ್ತು. ಹತ್ತಲು ನೋಡುತ್ತದೆ, ಕಾಲು ನಿಲ್ಲುವುದಿಲ್ಲ. ಮಾಂಸ ತಿನ್ನುವ ಪ್ರಾಣಿ ಅಂತ ಅಪ್ಪ ಅದನ್ನು ಒಂದು ದಿನವೂ ಮುಟ್ಟಿರಲಿಲ್ಲ. ಈಗ ಬಗ್ಗಿ ಎರಡೂ ಕೈಲಿ ಎತ್ತಿದ. ತೊಡೆಯ ಮೇಲಿಟ್ಟುಕೊಂಡು, ನೂಲು ನೋಡುವ ಹಾಗೆ ಹೆಬ್ಬೆರಳು ತೋರುಬೆರಳಲ್ಲಿ ಅದರ ಕಾಲನ್ನು ಮೇಲಿಂದ ಕೆಳಗೆ ಸವರಿದ.

“ಇದರಲ್ಲಿ ಹುರಿ ಇಲ್ಲ ಕಣೋ. ಹುರಿ ಇಲ್ದೆ ಇರೋ ನೂಲು ಹಿಂಗೇ ಬಾಗೋದು. ಏನು ಹಾಕ್ತಿದ್ದೀಯ?”

“ಒಳ್ಳೇದನ್ನೇ ಹಾಕ್ತಿದ್ದೀನಪ್ಪ.”

“ಬರೀ ಒಳ್ಳೇದಾ?”

ನಾನು ಮರಿಯ ಕಾಲನ್ನೇ ನೋಡಿದೆ.

“ಆ ಪುಸ್ತಕ ಪೂರ್ತಿ ಓದಿದೀಯಾ?”

ಜೀವಮಾನದಲ್ಲಿ ನಾನು ಒಂದು ಪುಸ್ತಕವನ್ನೂ ಅರ್ಧಕ್ಕೆ ಬಿಟ್ಟವನಲ್ಲ. ಎರವಲು ತಂದ ಪುಸ್ತಕವನ್ನು ಬೀದಿದೀಪದಡಿ ಕೂತು ಕೊನೇ ರಟ್ಟಿನ ತನಕ ಓದಿ ಪಾಸಾದವನು. ಆದರೆ ಈ ಪುಸ್ತಕದಲ್ಲಿ ಕುರಿಯ ಹೊಟ್ಟೆ, ಕರುಳು, ಮೂಳೆ ಅಂತ ಚಿತ್ರ ಸಮೇತ ಬಂದಾಗ ಎರಡು ಪುಟ ಒಟ್ಟಿಗೇ ಮಗುಚಿ ಹಾಕಿದ್ದೆ.

“ಎರಡು ಪುಟ ಬಿಟ್ಟೆ.”

“ಯಾಕೆ?”

“ಹೇಸಿಗೆ ಆಯ್ತಪ್ಪ.”

ಅಪ್ಪ ಮರಿಯನ್ನು ಕೆಳಗಿಳಿಸಿದ. “ಹೋಗಿ ಓದು” ಅಂದ, ಅಷ್ಟೆ. ಬಾವಿ ಕಡೆಗೆ ಎದ್ದುಹೋದ, ಸ್ನಾನಕ್ಕೆ.

ಅಷ್ಟರಲ್ಲಿ ದೊಡ್ಡಪ್ಪ ಬಾಗಿಲಿಗೆ ಬಂದಿದ್ದ. “ಕುಂಟುನಾಯಿ ನೂಲು ಕಾಯುತ್ತೇನಯ್ಯಾ? ಸಂತೆಗೆ ಹೋಗೋ ಗಾಡೀಲಿ ಹಾಕಿ ಕೆರೆ ಏರಿ ಮೇಲೆ ಬಿಟ್ಟು ಬರ್ಲಿ. ಓದಿದೋನು ಸಾಕಿದ್ರೆ ನಾಯಿನೂ ಕೆಡುತ್ತೆ ಅಂತ ಊರೆಲ್ಲ ಆಡ್ಕೊಳ್ಳೋಕೆ ಮುಂಚೆ.”

ಅಪ್ಪ ಒದ್ದೆ ತಲೆ ಒರೆಸಿಕೊಳ್ಳುತ್ತಾ ಬಂದು ಹೇಳಿದ: “ಅಣ್ಣ, ಮೊನ್ನೆ ಹೊಸ ಹಾಸು ಹೂಡಿದೀನಿ. ಇದು ನೇಯ್ದು ಮುಗಿಯೋಗಂಟ ನೋಡೋಣ. ಅಷ್ಟರಲ್ಲಿ ಕಾಲು ನೆಟ್ಟಗಾಗದಿದ್ರೆ ನೀನು ಹೇಳಿದ ಹಾಗೇ.”

ನಮ್ಮಲ್ಲಿ ಗಡುವು ಅಂದರೆ ಅದೇ. ಮಗ್ಗಕ್ಕೆ ಹೂಡಿದ ಉದ್ದನೆಯ ಎಳೆಗಳ ಹಾಸು ದಿನದಿನಕ್ಕೂ ಸವೆಯುತ್ತಾ ಸೀರೆಯಾಗುತ್ತದೆ. ಕೊನೆಯ ಎಳೆ ಮುಗಿದರೆ ಮುಗಿಯಿತು. ಎರಡು ತಿಂಗಳು ಸಿಕ್ಕಿತು ಅಂತ ಲೆಕ್ಕ.

ಆ ಎರಡು ಪುಟ ಓದಿದೆ. ಪರೀಕ್ಷೆಗೂ ಅಷ್ಟು ಗಮನ ಕೊಟ್ಟು ಓದಿರಲಿಲ್ಲ. ಬರೀ ಕೆಂಪು ಮಾಂಸ ತಿಂದ ಮರಿಗೆ ಮೂಳೆ ಕಟ್ಟುವ ಸುಣ್ಣದಂಶ ಸಿಗುವುದಿಲ್ಲ, ಕಾಲು ಬಾಗುತ್ತದೆ ಅಂತ ಸ್ಪಷ್ಟವಾಗಿ ಬರೆದಿತ್ತು. ಕಾಡಿನ ಪ್ರಾಣಿ ಬೇಟೆಯನ್ನು ಆರಿಸಿ ತಿನ್ನುವುದಿಲ್ಲ, ಇಡೀ ತಿನ್ನುತ್ತದೆ ಅಂತಲೂ ಇತ್ತು. ಮೂಳೆ, ಹೊಟ್ಟೆ, ಯಕೃತ್ತು, ಯಾವುದು ಎಷ್ಟು ಭಾಗ ಅನ್ನುವುದೆಲ್ಲ ಇತ್ತು. ನಾನು ಆಚೆಗೆಸೆದ ಗಂಟಿನ ಎಳೆಗಳಲ್ಲೇ ಅದರ ಕಾಲಿತ್ತು.

ಮಾರನೆ ದಿನ ಸಾಬರ ಮುಂದೆ ನಿಂತು ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಯಕೃತ್ತಿಗೆ ಅಂಗಡಿಯಲ್ಲಿ ಏನನ್ನುತ್ತಾರೋ ಗೊತ್ತಿರಲಿಲ್ಲ. ಪುಸ್ತಕದ ಚಿತ್ರ ತೋರಿಸಿದೆ.

“ಅದು ಈಲಿ ಮೇಷ್ಟ್ರೇ. ನೋಡಿ, ಇಲ್ಲೇ ನೇತಾಡ್ತಾ ಐತೆ, ಮೊದಲ ದಿನದಿಂದ ನಿಮ್ಮನ್ನೇ ನೋಡ್ಕೊಂಡು.” ಆಮೇಲೆ ದನಿ ಇಳಿಸಿ ಹೇಳಿಕೊಟ್ಟರು. “ಎಳೇ ಕುರಿ ಎದೆಮೂಳೆ ಕೊಡ್ತೀನಿ, ಮರಿ ಹಲ್ಲಿಗೆ ಮೆದು. ಬೇಯಿಸ್ಬೇಡಿ. ಬೆಂದ್ರೆ ಚೂಪಾಗಿ ಸೀಳ್ತದೆ, ಗಂಟಲಿಗೆ ಚುಚ್ತದೆ. ಹಸೀದೇ ಹಾಕಿ.”

“ಇದನ್ನ ಮೊದಲೇ ಹೇಳಬಾರದಿತ್ತಾ ಸಾಬ್ರೇ?”

“ಹೇಳ್ದೆ. ನೀವು ಬಿಯೆಸ್ಸಿ ಮುಖ ಮಾಡಿದ್ರಿ.”

ಹೊಟ್ಟೆ, ಕರುಳು ಸೇರಿದ ಬೋಟಿಯನ್ನು ಕಾಲುವೆಯಲ್ಲಿ ನಾನೇ ತೊಳೆದೆ. ಮೊದಲ ದಿನ ಎರಡು ಸಲ ವಾಂತಿಯಾಯಿತು. ಎರಡನೇ ದಿನ ಒಂದು ಸಲ. ಮೂರನೇ ದಿನದಿಂದ ಏನೂ ಆಗಲಿಲ್ಲ. ಹಿತ್ತಲ ಕಲ್ಲುಚಪ್ಪಡಿಯ ಮೇಲೆ ಹಿಡಿಯಲ್ಲಿ ಅಳೆದು ಹಾಕುತ್ತಿದ್ದೆ: ಐದು ಹಿಡಿ ಮಾಂಸ, ಎರಡು ಹಿಡಿ ಎಳೆಮೂಳೆ, ಒಂದು ಹಿಡಿ ಬೋಟಿ, ಅರ್ಧ ಹಿಡಿ ಈಲಿ. ಬಾಯಲ್ಲಿ ಜೋರಾಗಿ ಎಣಿಸಿಕೊಂಡೇ ಹಾಕುತ್ತಿದ್ದೆ, ಕ್ಲಾಸಿನಲ್ಲಿ ಮಗ್ಗಿ ಹೇಳಿಸಿದ ಹಾಗೆ. ತಿಂದ ಮೇಲೆ ಮರಿಯನ್ನು ಬಿಸಿಲಲ್ಲಿ ಕೂಡಿಸಿ, ನಾನು ಬಾವಿ ಕಡೆಗೆ.

ಸಂಜೆ ಸ್ಕೂಲಿಂದ ಬಂದವನು ಮೊದಲು ಮರಿಯ ಕಾಲು ನೋಡುತ್ತಿದ್ದೆ, ಆಮೇಲೆ ಮಗ್ಗದ ಹಾಸು. ಹಾಸು ದಿನಾ ಸವೆಯುವುದು ಕಾಣುತ್ತಿತ್ತು. ಕಾಲಿನಲ್ಲಿ ಏನೂ ಕಾಣುತ್ತಿರಲಿಲ್ಲ. ಮೂರನೇ ವಾರದಲ್ಲಿ ಮರಿ ಕುಯ್ಗುಡದೆ ಒಂದು ಮೆಟ್ಟಿಲು ಹತ್ತಿತು. ಯಾರಿಗೂ ಹೇಳಲಿಲ್ಲ. ಐದನೇ ವಾರದಲ್ಲಿ ಹೊಂಗೇಮರದ ಸುತ್ತ ಒಂದು ಓಟ ಓಡಿತು. ಆಗ ಅವ್ವನಿಗೆ ಹೇಳಿದೆ. ಅವಳು ಹಿತ್ತಲ ಬಾಗಿಲಲ್ಲಿ ನಿಂತು ಸೆರಗು ಮೂಗಿಗೆ ಹಿಡಿದುಕೊಂಡೇ ನೋಡಿದಳು. “ಓಡ್ತಾ ಐತೆ ಕಣೋ” ಅಂದಳು.

ಹಾಸು ಒಂದೇ ಒಂದು ಸೀರೆಯಷ್ಟು ಉಳಿದಿದ್ದಾಗ ನನ್ನನ್ನು ಮೂರು ದಿನ ಪರೀಕ್ಷೆಯ ಮೇಲ್ವಿಚಾರಣೆಗೆ ದೇವನಹಳ್ಳಿಗೆ ಹಾಕಿದರು. ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಸಾಬರು ನಮ್ಮ ಓಣಿಗೆ ಬುಟ್ಟಿ ಹೊತ್ತು ಬಂದರೆ ಬೀದಿಯೇ ಎದ್ದು ನಿಲ್ಲುತ್ತಿತ್ತು. ನಾಯಿಗೆ ಹಾಲು, ರಾಗಿ ಗಂಜಿ ಹಾಕು ಅಂತ ಅವ್ವನಿಗೆ ಹೇಳಿ ಹೋದೆ. ಆ ಮೂರು ದಿನ ಹುಡುಗರು ಕಾಪಿ ಹೊಡೆದರೋ ಇಲ್ಲವೋ ನನಗೆ ಗೊತ್ತಿಲ್ಲ.

ವಾಪಸ್ಸು ಬಂದಾಗ ನಾಯಿ ಓಣಿಯ ತುದಿಗೇ ಓಡಿಬಂತು. ನಾಲ್ಕು ಕಾಲೂ ಕಂಬದ ಹಾಗೆ ನೆಟ್ಟಗೆ. ಕಲ್ಲುಚಪ್ಪಡಿಯ ಮೇಲೆ ಮೂಳೆ ಕಡಿದ ಗುರುತು ಹಸಿಯಾಗಿಯೇ ಇತ್ತು.

“ಗಂಜಿ ಹಾಕ್ಲಿಲ್ವಾ ಅವ್ವ?”

“ನಾನೇನು ಹಾಕ್ಲಿಲ್ಲಪ್ಪ. ನಿಮ್ಮಪ್ಪನ್ನ ಕೇಳು.”

ಅಪ್ಪನನ್ನು ಕೇಳುವ ಧೈರ್ಯವಾಗಲಿಲ್ಲ. ಮಾರನೆ ಬೆಳಗ್ಗೆ ಸಾಬರೇ ಹೇಳಿದರು.

“ಮೂರು ದಿನಾನೂ ನಿಮ್ಮ ತಂದೆಯೋರೇ ಬಂದಿದ್ರು ಮೇಷ್ಟ್ರೇ. ನನ್ನ ಕಡೆ ನೋಡ್ಲಿಲ್ಲ, ಕುರಿ ಕಡೆ ನೋಡ್ಲಿಲ್ಲ. ಗೋಡೆ ನೋಡ್ಕೊಂಡು ಕೈ ಚಾಚಿದ್ರು. ಕೈಲಿ ನಾಲ್ಕು ಎಳೆ ರೇಷ್ಮೆ. ಕೆಂಪು ಎಳೇಗೆ ಐದು ಗಂಟು, ಅದು ಮಾಂಸ. ಬಿಳೀದಕ್ಕೆ ಎರಡು, ಮೂಳೆ. ಹಳದೀಗೆ ಒಂದು, ಬೋಟಿ. ಕಂದು ಬಣ್ಣದ್ದು ಗಂಟಿಲ್ಲದ ಮೋಟು ಎಳೆ, ಅರ್ಧ ಹಿಡಿ ಈಲಿ. ನಾನು ಪ್ರೀತಿಗೆ ಅಂತ ಇನ್ನೊಂದು ತುಂಡು ಮಾಂಸ ಹಾಕೋಕೆ ಹೋದೆ. ಬೇಡ ಅಂದ್ರು.”

“ಏನಂದ್ರು?”

“‘ಇದು ನನ್ನ ಮಗ ಓದಿ ಹಾಕಿರೋ ಲೆಕ್ಕ. ಒಂದೆಳೆ ಹೆಚ್ಚುಕಮ್ಮಿ ಆಗಬಾರದು’ ಅಂದ್ರು.”

ಮಗ್ಗದ ಕೋಣೆಗೆ ಹಿತ್ತಲ ಕಡೆ ಒಂದು ಸಣ್ಣ ಕಿಟಕಿ, ಬೆಳಕಿಗೆ ಅಂತ ಇಟ್ಟದ್ದು. ಎರಡು ತಿಂಗಳು ಅಪ್ಪ ಆ ಕಡೆ ತಲೆಯೆತ್ತಿದ್ದನ್ನೂ ನಾನು ಕಂಡಿರಲಿಲ್ಲ. ಲಾಳಿಯ ಸದ್ದಿನ ನಡುವೆಯೇ ನನ್ನ ಎಣಿಕೆಯನ್ನು ಕೇಳಿಸಿಕೊಂಡು ಗಂಟು ಹಾಕಿಟ್ಟುಕೊಂಡಿದ್ದ.

ಆ ವಾರವೇ ಹಾಸು ಮುಗಿಯಿತು. ಸೀರೆ ಕೊಯ್ದು ಮಡಿಸುವಾಗ ದೊಡ್ಡಪ್ಪ ಬಂದ. ನಾಯಿ ಜಗುಲಿಗೆ ಹಾರಿ ಅವನ ದಾರಿಗೆ ಅಡ್ಡ ನಿಂತು ಗುರ್ರೆಂದಿತು.

“ಕರ್ಕೊಳ್ಳಯ್ಯಾ ನಿನ್ನ ನಾಯೀನ. ಇದೇನು ಈ ಎತ್ತರ” ಅಂದ ದೊಡ್ಡಪ್ಪ, ಎರಡು ಹೆಜ್ಜೆ ಹಿಂದೆ ಸರಿದು.

“ನಂದಲ್ಲ, ಬಿಯೆಸ್ಸಿದು” ಅಂದ ಅಪ್ಪ, ತಲೆ ಎತ್ತದೆ.

ಆ ನಾಲ್ಕು ಎಳೆ ಮಗ್ಗದ ಕಂಬದ ಮೊಳೆಗೆ ಬಹಳ ಕಾಲ ನೇತಾಡುತ್ತಿದ್ದವು. ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅಪ್ಪ ತೂಗುಹಾಕಿದ್ದೂ ಅದೇ ಕಂಬಕ್ಕೆ, ಅದರ ಪಕ್ಕದ ಮೊಳೆಗೆ.