ಮಲ್ಲಿ ಒಪ್ಪಿದ ಮನೆ ಅಳಿಯ

ಶಾಮ ಎಂಬ ಆ ಕಪ್ಪು ಮೊಲ ನಮ್ಮ ಮೊಲ ಮಲ್ಲಿಯ ಮುಂದೆ ತಲೆ ತಗ್ಗಿಸಿ ಕೂತಿತು. ಮಲ್ಲಿ ಮೂಸಿ ನೋಡಿದಳು, ಹಿಂದೆ ಸರಿದಳು, ಮತ್ತೆ ಬಂದು ಅವನ ಹಣೆಯನ್ನು ಮೆಲ್ಲಗೆ ನೆಕ್ಕತೊಡಗಿದಳು. ಶಾಮನನ್ನು ತರಕಾರಿ ಬುಟ್ಟಿಯಲ್ಲಿಟ್ಟುಕೊಂಡು ಕುಣಿಗಲ್‌ನಿಂದ ಬಸ್ಸಿನಲ್ಲಿ ಬಂದಿದ್ದ ಜಯಮ್ಮನವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಒಪ್ಕೊಂಡ್ಲು ಕಣಮ್ಮ, ಒಪ್ಕೊಂಡ್ಲು!"

ಜೊತೆಗಾರ ಗುಂಡ ಸತ್ತ ಮೇಲೆ ಮಲ್ಲಿ ಅವನು ಮಲಗುತ್ತಿದ್ದ ಗೋಣಿಚೀಲ ಬಿಟ್ಟು ಏಳುತ್ತಿರಲಿಲ್ಲ. ಕೊತ್ತಂಬರಿ ಸೊಪ್ಪನ್ನು ಬಾಯಿಗೇ ಹಿಡಿದರೆ ಒಂದೆಲೆ ತಿನ್ನುತ್ತಿದ್ದಳು. ಇವಳೂ ಹೋಗಿಬಿಡುತ್ತಾಳೇನೋ ಎಂದು ಹೆದರಿದ್ದೆ. ಶಾಮನೂ ತನ್ನ ಜೊತೆಯನ್ನು ಕಳೆದುಕೊಂಡವನೇ. ತುಮಕೂರಿನ ಪಶುವೈದ್ಯರೊಬ್ಬರು ನಮಗೂ ಜಯಮ್ಮನವರಿಗೂ ಪರಿಚಯ ಮಾಡಿಸಿದ್ದರು. ಹಿಂದಿನ ಭೇಟಿಗಳಲ್ಲಿ ಬರೀ ಕಚ್ಚಾಟ. ಈ ಸಲ ಸಂಜೆಯ ಹೊತ್ತಿಗೆ ಎರಡೂ ಒಂದೇ ತಟ್ಟೆಗೆ ಬಾಯಿ ಹಾಕಿದ್ದವು. ಎಷ್ಟೋ ದಿನಗಳ ಮೇಲೆ ಮಲ್ಲಿ ಹಾಲ್ ತುಂಬ ಚಂಗನೆ ನೆಗೆದಳು.

ಖಾಲಿ ಬುಟ್ಟಿ ಎತ್ತಿಕೊಂಡು ಹೊರಟ ಜಯಮ್ಮನವರ ಕಣ್ಣು ತುಂಬಿತ್ತು. ಆದರೂ ನಕ್ಕರು. "ಇವನ್ನ ಮನೆ ಅಳಿಯ ಮಾಡ್ಕೊಂಡ್ಬುಡಮ್ಮ. ನಾನು ಭಾನುವಾರ ಭಾನುವಾರ ಬತ್ತೀನಿ. ಬೀಗಿತ್ತಿಗೆ ಊಟ ಹಾಕ್ದೆ ಕಳಿಸ್ತೀಯಾ?"

ಗುಂಡನನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆದರೆ ಭಾನುವಾರ ಬಂತೆಂದರೆ ನಮ್ಮಲ್ಲಿ ಬೀಗರೂಟದ ಸಡಗರ. ತೀರಿಹೋದ ಮೊಲಗಳ ತುಂಟತನ ಹೇಳಿಕೊಂಡು ನಾವಿಬ್ಬರು ನಗುತ್ತಿದ್ದರೆ, ಬಾಗಿಲ ಬಳಿ ಮಗಳು ಅಳಿಯ ಸೇರಿ ಜಯಮ್ಮನವರ ಚಪ್ಪಲಿ ಕಡಿಯುತ್ತಿರುತ್ತಾರೆ.