ಗೋಡೆ ಬಡಿದು ನೋಡುತ್ತಿದ್ದ ಗಿರಿಜಕ್ಕ

ಗಿರಿಜಕ್ಕ ಯಾರ ಮನೆಗೆ ಹೋದರೂ ಮೊದಲು ಗೋಡೆ ಗಟ್ಟಿಯೋ ಪೊಳ್ಳೋ ಎಂದು ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು ನೋಡುತ್ತಿದ್ದರು. ಆಮೇಲೆಯೇ ಕೂರುವುದು, ಚಹಾ ಕುಡಿಯುವುದು. ರಾಣೆಬೆನ್ನೂರಿನ ಅವರು, ಹಾವೇರಿಯ ನಾನು, ಇಬ್ಬರೂ ಒಂದೇ ಕಂಪನಿಯ ಮನೆ ವಿಮೆ ಮಾಡಿಸುವ ಏಜೆಂಟರು. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ಜೀವವಿಮೆ ಎಂದರೆ ಕಿವಿಗೊಡುತ್ತಿದ್ದ ಜನ, ಮನೆಗೂ ವಿಮೆ ಎಂದರೆ ನಗುತ್ತಿದ್ದರು. ಆದರೆ ನನ್ನೆದುರು ನಕ್ಕವರೇ ಗಿರಿಜಕ್ಕನೆದುರು ಸಹಿ ಹಾಕುತ್ತಿದ್ದರು. ನಾನು ಬಿ.ಕಾಂ.; ಅವರು ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದವರು. ನನಗೆ ಸಹಿಸಲಾಗುತ್ತಿರಲಿಲ್ಲ.

ಅವರ ಮಾತು ಕದಿಯಲೆಂದೇ ಒಮ್ಮೆ ಜೊತೆಗೆ ಅಗಡಿ ಎಂಬ ಹಳ್ಳಿಗೆ ಹೋದೆ. ಮನೆಯಾಕೆಗೆ ಅವರು ಹೇಳಿದ್ದು ಇಷ್ಟು:

“ಯವ್ವಾ, ಮನಿ ಬಿಟ್ಟು ಹೊಂಟೀದಿ ಅಂತ ತಿಳಕೊ. ಟ್ರ್ಯಾಕ್ಟರಿಗೆ ಏನ್ ಹೇರ್ತಿ, ಅದಕ್ಕ ಸಾಮಾನಿನ ವಿಮಾ. ಇಲ್ಲೇ ಏನ್ ಉಳೀತೈತಿ, ಅದಕ್ಕ ಕಟ್ಟಡದ್ದು. ಇನ್ನ ನಿನ್ನ ಗ್ವಾಡಿ ಬಿದ್ದು ಬಾಜೂದವರ ಕಾಲು ಮುರೀತು ಅನ್ನು, ಆ ಹೊಣಿಗೆ ಬ್ಯಾರೇನ ವಿಮಾ ಐತಿ. ಒಂದು ತಗೊಂಡು ಮೂರೂ ಬಂದುವು ಅನ್ಕೋಬ್ಯಾಡ.”

ನಾನು ಅರ್ಧ ತಾಸು ಒದರುತ್ತಿದ್ದುದು ಅಷ್ಟರಲ್ಲಿ ಮುಗಿದಿತ್ತು. ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತೆ.

ಬ್ಯಾಡಗಿಯಲ್ಲಾದರೂ ಅವರಿಗಿಂತ ಮುಂದಾಗಬೇಕೆಂಬ ಹಟದಿಂದ, ಶಿಕ್ಷಕಿಯೊಬ್ಬರಿಗೆ ಅವಸರದಲ್ಲಿ ಕಟ್ಟಡದ ವಿಮೆಯೊಂದನ್ನೇ ಮಾಡಿಸಿದೆ. ಉಳಿದದ್ದನ್ನು ವಿವರಿಸುತ್ತ ಕೂತರೆ ಎಲ್ಲಿ ಗಿರಿಜಕ್ಕನನ್ನು ಕೇಳಿಯಾರೋ ಎಂಬ ಭಯ. ಮರುವರ್ಷ ವೈರು ಸುಟ್ಟು ಆ ಶಿಕ್ಷಕಿಯ ಪಡಸಾಲೆಗೆ ಬೆಂಕಿ ಬಿತ್ತು. ಟಿ.ವಿ., ಹಾಸಿಗೆ, ಮಗಳ ಮದುವೆಗೆ ತಂದಿಟ್ಟ ಸೀರೆಗಳು, ಎಲ್ಲ ಬೂದಿ.

“ಇವಕ್ಕ ವಿಮಾ ಇಲ್ಲಂತ ಅವತ್ತ ಯಾಕ ಹೇಳ್ಲಿಲ್ರಿ?” ಎಂದರು ಶಿಕ್ಷಕಿ. ನಾನು ನಷ್ಟದ ಪಟ್ಟಿ ಬರೆಯತೊಡಗಿದೆ.

ಸುದ್ದಿ ತಿಳಿದು ಗಿರಿಜಕ್ಕ ಬಂದರು. ನನ್ನ ಮಾನ ಇವತ್ತು ಹರಾಜಾಯಿತು ಎಂದುಕೊಂಡೆ. ಅವರು ಒಳಗೆಲ್ಲ ತಿರುಗಿ, ನಾನು ಬರೆದಿದ್ದ ನಷ್ಟದ ಪಟ್ಟಿ ಇಸಿದುಕೊಂಡು, ನನಗಷ್ಟೇ ಕೇಳುವಂತೆ ಹೇಳಿದರು: “ತಮ್ಮಾ, ಗ್ವಾಡ್ಯಾಗ ಕೂಡಿಸಿದ ಕಪಾಟು ಬಿಟ್ಟೀಯಲ್ಲೋ. ವೈರಿಂಗು? ಅವೂ ಕಟ್ಟಡದಾಗ ಬರತಾವು, ಬರಿ.” ಬಳಿಕ ಶಿಕ್ಷಕಿಯತ್ತ ತಿರುಗಿ, “ತಪ್ಪು ನಮ್ಮ ಮಂದೀದ ಐತ್ರಿ” ಎಂದರು.

ಸೀರೆಗಳಿಗೆ ಏನೂ ಬರಲಿಲ್ಲ. ಗೋಡೆ, ಕಪಾಟು, ವೈರಿಂಗಿಗೆ ಪರಿಹಾರ ಬಂತು. ನಾನು ಉಪಕಾರ ನೆನೆಯಬೇಕಿತ್ತು. ಅದರ ಬದಲು, ದೊಡ್ಡತನದಲ್ಲೂ ಇವರೇ ಮುಂದಾದರಲ್ಲ ಎಂದು ಇನ್ನಷ್ಟು ಕುದಿದೆ.

ಕೆಲ ವರ್ಷಗಳಲ್ಲಿ ಅವರಿಗೆ ಗಂಟಲ ಬೇನೆ ಬಂತು. ನೋಡಲು ಹೋದಾಗ ದನಿ ಪಿಸುಮಾತಿಗೆ ಇಳಿದಿತ್ತು. ತಡೆಯಲಾರದೆ ಅಂದುಬಿಟ್ಟೆ: “ಅಕ್ಕಾರ, ನಿಮ್ಮನ್ನ ಕಂಡ್ರ ನನಗ ಭಾಳ ಹೊಟ್ಟಿಕಿಚ್ಚಿತ್ರಿ.”

“ಗೊತ್ತಿತ್ತು,” ಎಂದರು. “ನನಗೂ ಇತ್ತೋ ತಮ್ಮಾ. ವಿಮಾದ ಆ ಇಂಗ್ಲಿಷ್ ಕಾಗದ ನೀ ಗಳಗಳ ಓದತಿದ್ದಿ. ನಾ ಮಗಳ ಕಡಿಂದ ಓದಿಸಿ, ಅರ್ಥ ಕೇಳಿ ಬಾಯಿಪಾಠ ಮಾಡತಿದ್ದೆ. ಒಂದು ಮಾತು ತಪ್ಪಿದ್ರ ಯಾರದೋ ಮನಿ ಹೋಗತೈತಲ್ಲ.”

ಆ ವರ್ಷದ ದೀಪಾವಳಿಗೆ ಅವರು ಇರಲಿಲ್ಲ. ಅವರ ಬಳಿ ವಿಮೆ ಮಾಡಿಸುತ್ತಿದ್ದ ಮನೆಯವರು ಈಗ ನನ್ನನ್ನು ಕರೆಸುತ್ತಾರೆ. ಎಲ್ಲ ಬಿಡಿಸಿ ಹೇಳಿದ ಮೇಲೆ, “ಖರೇ ಐತ್ರಿ, ಆದ್ರ ಗಿರಿಜಕ್ಕ ಇದನ್ನ ಇನ್ನೂ ಛಂದ ಹೇಳತಿದ್ರು” ಅನ್ನುತ್ತಾರೆ. ಹೌದೆಂದು ತಲೆಯಾಡಿಸುತ್ತೇನೆ. ಹೊಟ್ಟೆ ಈಗಲೂ ಉರಿಯುತ್ತದೆ.