ಸಿಂಗಲ್ ಮಾಲ್ಟಿಗೂ ಮೂರು ಕೊಟೇಶನ್

ಗೆಳೆಯರೇ, ಮೂರು ಕೊಟೇಶನ್ ಇಲ್ಲದೆ ನಮ್ಮ ಬ್ಯಾಂಕಿಗೆ ಒಂದು ಫ್ಯಾನ್ ಕೂಡ ಕೊಂಡವನಲ್ಲ ನಾನು. ಇವತ್ತು ಕೇರಳದ ಕಲೂರಿನ ಸರ್ಕಾರಿ ಮದ್ಯದಂಗಡಿಯಲ್ಲಿ, ನನ್ನ ಶೋಕೇಸಿಗೆಂದು ಬಹಳ ದಿನದಿಂದ ಹುಡುಕುತ್ತಿದ್ದ ಸಿಂಗಲ್ ಮಾಲ್ಟ್ ವಿಸ್ಕಿ ಕಂಡಿತು. ಇದ್ದದ್ದು ಒಂದೇ ಬಾಟಲಿ. ಬೆಲೆ ಕೇಳಿಕೊಂಡು ಪಾಲಾರಿವಟ್ಟದ ಅಂಗಡಿಗೆ ಆಟೋ ಹತ್ತಿದೆ. ಅಲ್ಲಿ ಮಾಲು ಮುಗಿದಿತ್ತು, ಬೆಲೆ ಮಾತ್ರ ಅದೇ. ತಿರುವನಂತಪುರದಲ್ಲಿರುವ ಗೆಳೆಯ ಶಶಿಧರನಿಗೆ ಫೋನ್ ಮಾಡಿ, ಅಲ್ಲಿನ ತಂಪಾನೂರಿನ ಅಂಗಡಿಯಲ್ಲಿ ವಿಚಾರಿಸಲು ಹೇಳಿದೆ.

"ಮಾರಾಯ, ಕೇರಳದಲ್ಲಿ ಮಾರೋದು ಸರ್ಕಾರ ಒಂದೇ. ಎಲ್ಲಾ ಕಡೆ ಒಂದೇ ರೇಟು!"

"ಆದ್ರೂ ಒಮ್ಮೆ ಹೋಗಿ ಕೇಳು."

ಕೇಳಿದ. ಅದೇ ಬೆಲೆ. ಗೆದ್ದವನಂತೆ ಕಲೂರಿಗೆ ಮರಳಿದೆ.

"ಅದು ಪೋಯಿ ಸಾರೇ," ಎಂದ ಕೌಂಟರಿನವ. ಯಾರೋ ಬಂದವರು ಬೆಲೆಯನ್ನೂ ಕೇಳದೆ ಕೊಂಡುಹೋಗಿದ್ದರಂತೆ.

ಇರಲಿ. ಯಾವ ಆಡಿಟರ್ ಬೇಕಾದರೂ ಬಂದು ನನ್ನ ಖರೀದಿಯಲ್ಲಿ ಒಂದೇ ಒಂದು ತಪ್ಪು ತೋರಿಸಲಿ. ಖರೀದಿಯೇ ಆಗಿಲ್ಲ ಎನ್ನುವುದು ಬೇರೆ ಮಾತು.